ಎರಡನೇ ಯೂನಿಟ್ಟಿಗೆ ಪಂಚಾಮೃತ

ಅರಕಲಗೂಡಿಗೆ ಕರೆಂಟು ಎಲ್ಲಿಂದ ಬರುತ್ತದೆ ಎಂದು ಆ ಕಾಲದಲ್ಲಿ ಊರಿನ ಯಾರನ್ನು ಕೇಳಿದ್ದರೂ ‘ಈಶ್ವರಯ್ಯನೋರ ಪವರ್‌ಹೌಸಿಂದ’ ಎನ್ನುತ್ತಿದ್ದರು. ಅಲ್ಲಿ ಅದನ್ನು ಯಾರು ಮಾಡುತ್ತಾರೆ ಎಂದು ಕೇಳಿದರೆ ‘ಇನ್ಯಾರು, ಅಳಿಯಂದ್ರು’ ಎನ್ನುತ್ತಿದ್ದರು. ಅಳಿಯಂದಿರನ್ನೇ ಕೇಳಿದ್ದರೆ ಅವರು ಮೀಸೆ ತೀಡಿಕೊಂಡು ನಗುತ್ತಿದ್ದರು, ಯಾಕೆಂದರೆ ಅವರಿಗೂ ಗೊತ್ತಿರಲಿಲ್ಲ. ಗೊತ್ತಿದ್ದವನು ಒಬ್ಬನೇ ಒಬ್ಬ, ಹರದನಹಳ್ಳಿಯಿಂದ ಬಂದು ಸೇರಿಕೊಂಡಿದ್ದ ಚಲುವಯ್ಯ. ಅವನನ್ನು ಮಾತ್ರ ಯಾರೂ ಕೇಳಲಿಲ್ಲ.

ಈಶ್ವರಯ್ಯನವರು ಹೊಗೆಸೊಪ್ಪಿನ ಮಂಡಿ ಇಟ್ಟುಕೊಂಡಿದ್ದ ದೊಡ್ಡ ಕುಳ. ಒಮ್ಮೆ ಹಾಸನಕ್ಕೆ ಹೋಗಿದ್ದಾಗ ಯಾರೋ ಅಧಿಕಾರಿಯ ಬಂಗಲೆಯಲ್ಲಿ ಸ್ವಿಚ್ಚು ಒತ್ತಿದರೆ ದೀಪ ಹತ್ತುವುದನ್ನು ಕಂಡು ಬಂದವರು ಮೂರು ದಿನ ಸರಿಯಾಗಿ ಉಣ್ಣಲಿಲ್ಲ. ನಾಲ್ಕನೇ ದಿನ ಎದ್ದವರೇ, ಮುಚ್ಚಿಹೋಗಿದ್ದ ಯಾವುದೋ ಗಣಿಯವರಿಂದ ಎರಡು ಹಳೇ ಗ್ಯಾಸ್ ಎಂಜಿನ್ನು ಕೊಂಡುಬಿಟ್ಟರು. ಸಾವಿರದ ಒಂಬೈನೂರ ಮೂವತ್ತೇಳನೇ ಇಸವಿಯ ಮಾತು ಇದು.

ಗ್ಯಾಸ್ ಎಂದರೆ ಏನೋ ದೊಡ್ಡದು ಎಂದುಕೊಳ್ಳಬೇಡಿ. ಕಬ್ಬಿಣದ ದೊಡ್ಡ ಡ್ರಮ್ಮಿಗೆ ಇದ್ದಿಲು ತುಂಬಿ, ಕೆಂಡ ಮಾಡಿ, ಹನಿಹನಿಯಾಗಿ ನೀರು ಬಿಟ್ಟರೆ ಉರಿಯುವಂಥ ಒಂದು ಹೊಗೆ ಹುಟ್ಟುತ್ತದೆ. ಆ ಹೊಗೆಯನ್ನು ನೀರಿನಲ್ಲಿ ತೊಳೆದು ತಣ್ಣಗೆ ಮಾಡಿ ಎಂಜಿನ್ನಿಗೆ ಉಣಿಸಿದರೆ ಎಂಜಿನ್ನು ತಿರುಗುತ್ತದೆ. ಅದಕ್ಕೆ ಕಟ್ಟಿದ ಬೆಲ್ಟು ಡೈನಮೊ ತಿರುಗಿಸುತ್ತದೆ, ಪೇಟೆಬೀದಿಯಲ್ಲಿ ಬಲ್ಬು ಹತ್ತುತ್ತದೆ. ಒಂದು ಡ್ರಮ್ಮು, ಒಂದು ಎಂಜಿನ್ನು, ಒಂದು ಡೈನಮೊ ಸೇರಿದರೆ ಒಂದು ಯೂನಿಟ್ಟು. ಒಂದು ಕೆಟ್ಟರೆ ಇನ್ನೊಂದು ಇರಲಿ ಎಂದು ಎರಡು ಯೂನಿಟ್ಟಿದ್ದವರಿಗೆ ಮಾತ್ರ ಸರ್ಕಾರ ಲೈಸೆನ್ಸು ಕೊಡುತ್ತಿತ್ತು.

ಎಂಜಿನ್ನಿನ ಜೊತೆ ಗಣಿಯಿಂದ ಬಂದಿದ್ದ ಮುದುಕ ಫಿಟ್ಟರು ಎರಡು ತಿಂಗಳು ಇದ್ದು, ಕೈಗೆ ಸಿಕ್ಕಿದ ಚಲುವಯ್ಯನಿಗೆ ಎಲ್ಲವನ್ನೂ ಕಲಿಸಿ, ಅರಕಲಗೂಡಿನ ಸೊಳ್ಳೆಗಳಿಗೆ ಕೈಮುಗಿದು ಹೊರಟುಹೋದ. ಅಂದಿನಿಂದ ದಿನಾ ಮಧ್ಯಾಹ್ನ ಎರಡಕ್ಕೆ ಡ್ರಮ್ಮಿಗೆ ಕೆಂಡ ಹಾಕುವವನು ಚಲುವಯ್ಯ, ಕೈಗಾಲಿ ತಿರುಗಿಸಿ ಗಾಳಿ ಊದುವವನು ಚಲುವಯ್ಯ, ಸಂಜೆ ಆರಕ್ಕೆ ದೀಪ ಬಿಡುವವನು, ಹತ್ತಕ್ಕೆ ಆರಿಸುವವನು ಎಲ್ಲ ಚಲುವಯ್ಯನೇ. ಪವರ್‌ಹೌಸಿನ ಹಾಜರಿ ಪುಸ್ತಕದಲ್ಲಿ ಮಾತ್ರ ಅವನ ಹೆಸರಿನ ಮುಂದೆ ‘ಇದ್ದಿಲು ಆಳು’ ಎಂದು ಬರೆದಿತ್ತು. ‘ಎಂಜಿನ್ ಡ್ರೈವರ್’ ಎಂದು ಬರೆದಿದ್ದ ಕಡೆ ರುಜು ಹಾಕುತ್ತಿದ್ದವರು ಅಳಿಯಂದಿರು, ಗೌರೀಶಂಕರ.

ಈ ಗೌರೀಶಂಕರ ಮೈಸೂರಿನಲ್ಲಿ ಇಂಟರ್‌ಮೀಡಿಯೆಟ್ ಪರೀಕ್ಷೆಗೆ ಮೂರು ಸಲ ಕೂತು ಮೂರು ಸಲವೂ ಎದ್ದುಬಂದಿದ್ದ ಬುದ್ಧಿವಂತ. ದಿನಾ ಸಂಜೆ ದೀಪ ಹತ್ತಿದ ಮೇಲೆ ಬಿಳೀ ಕೋಟು ತೊಟ್ಟು, ಪವರ್‌ಹೌಸಿನ ಕಿಟಕಿಯ ಹೊರಗೆ ನಿಂತು, ಮೂಗಿಗೆ ಕರ್ಚೀಫು ಹಿಡಿದು, “ಏನ್ ಚಲುವಯ್ಯ, ಎಲ್ಲ ಸರಿಯಾಗಿದ್ಯಾ?” ಎಂದು ಕೇಳುತ್ತಿದ್ದ. ಒಳಗಿನಿಂದ “ಊ ಬುದ್ದಿ” ಎಂದು ಉತ್ತರ ಬಂದರೆ ಅಂದಿನ ಎಂಜಿನಿಯರಿಂಗು ಮುಗಿಯಿತು. ಕಿಟಕಿಯ ಕಟ್ಟೆಯ ಮೇಲೆಯೇ ಪುಸ್ತಕ ಇಟ್ಟು ರುಜು ಹಾಕಿ ಹೊರಟುಬಿಡುತ್ತಿದ್ದ.

ಇನ್ನು ಎರಡನೇ ಯೂನಿಟ್ಟಿನ ಕತೆ ಕೇಳಿ. ಅದು ಗಾಡಿಯಲ್ಲಿ ಬಂದಿಳಿದದ್ದು ಸರಿಯಾಗಿ ಆಯುಧಪೂಜೆಯ ದಿನ. ಮುದುಕ ಫಿಟ್ಟರು ಅಷ್ಟು ಹೊತ್ತಿಗೆ ಹೊರಟುಹೋಗಿದ್ದ, ಮೊದಲನೇ ಯೂನಿಟ್ಟು ತಿಂಗಳಿಂದ ಪರೀಕ್ಷೆಗೆಂದು ಓಡಿ ಮಸಿ ಹಿಡಿದು ನಿಂತಿತ್ತು. ಈಶ್ವರಯ್ಯನವರ ಹೆಂಡತಿ ಕಮಲಾಕ್ಷಮ್ಮ ಎರಡನ್ನೂ ನೋಡಿದರು. ಮಸಿ ಬಳಿದುಕೊಂಡಿರುವುದಕ್ಕೆ ಅರಿಶಿನ ಕುಂಕುಮ ಸಾಕು, ಹೊಸದಾಗಿ ಮನೆ ತುಂಬಿದ ಈ ಲಕ್ಷಣವಾದ್ದಕ್ಕೆ ಅಭಿಷೇಕವೇ ಆಗಬೇಕು ಎಂದು ತೀರ್ಮಾನವಾಯಿತು. ಹಾಲು, ಮೊಸರು, ತುಪ್ಪ, ಜೇನುತುಪ್ಪ, ಸಕ್ಕರೆ, ಜೊತೆಗೆ ಬಾಳೆಹಣ್ಣು ಕಿವುಚಿ ಹಾಕಿ ಕೊಳಗಗಟ್ಟಲೆ ಪಂಚಾಮೃತ ಮಾಡಿದರು. ಎಂಜಿನ್ನಿಗೆ ಗಾಳಿ ಎಳೆಯುವ ಕೊಳವೆಯ ಬಾಯಿಗೆ ಇನ್ನೂ ಮುಚ್ಚಳ ಹಾಕಿರಲಿಲ್ಲ. ಪೂಜೆಗೆ ಕರೆಸಿದ್ದ ಅಯ್ಯನವರು ಮಂತ್ರ ಹೇಳುತ್ತಾ ಕೊಳಗ ಎತ್ತಿದರು.

“ಬ್ಯಾಡಿ ಅಯ್ನೋರೆ! ಆಲು ಮಿಸೀನ್ ಒಟ್ಟೆ ಒಳೀಕ್ ಓಯ್ತದೆ!” ಎಂದು ಚಲುವಯ್ಯ ಕೂಗಿಕೊಂಡ.

“ದೇವ್ರು ಹೊಟ್ಟೆಗೆ ತಗೊಳ್ಳಿ ಅಂತ್ಲೇ ಕಣಯ್ಯ ಹಾಕೋದು. ನೀನು ಅತ್ಲಾಗಿ ನಿಂತ್ಕೊ” ಎಂದರು ಅಯ್ಯನವರು.

ದೇವರು ಹೊಟ್ಟೆಗೆ ತೆಗೆದುಕೊಂಡಿತು. ಒಂದು ಹನಿ ಬಿಡದೆ ತೆಗೆದುಕೊಂಡಿತು. ಮಾರನೆಯ ದಿನ ನಾಲ್ಕು ಜನ ಸೇರಿ ದೊಡ್ಡ ಚಕ್ರ ಎಳೆದರೂ ಅದು ಮಿಸುಕಲಿಲ್ಲ. ವಾರ ಕಳೆಯುವಷ್ಟರಲ್ಲಿ ಒಳಗೆಲ್ಲ ಗಟ್ಟಿಯಾಗಿ ಕಚ್ಚಿಕೊಂಡು ಕೂತಿತ್ತು. ಬಿಚ್ಚಿ ತೊಳೆಯುತ್ತೇನೆಂದು ಚಲುವಯ್ಯ ಸ್ಪ್ಯಾನರು ಹಿಡಿದರೆ ಕಮಲಾಕ್ಷಮ್ಮ ಹೌಹಾರಿಬಿಟ್ಟರು. “ಪೂಜೆ ಮಾಡಿದ ದೇವ್ರ ಹೊಟ್ಟೆ ಬಗೀತೀಯೇನೋ ಪಾಪಿ? ಅದಕ್ಕೆ ದುಡಿಯೋ ಮನಸ್ಸಿಲ್ಲ, ನಮ್ಮನ್ನ ಕಾಯ್ಕೊಂಡು ಕೂತಿರ್ತದೆ, ಕೂತಿರ್ಲಿ ಬಿಡು!” ಈಶ್ವರಯ್ಯನವರೂ ತಲೆಯಾಡಿಸಿದರು. ಕೂತಿರುವ ಯೂನಿಟ್ಟು ಇದ್ದಿಲು ಕೇಳುವುದಿಲ್ಲವಲ್ಲ!

ಆಮೇಲೆ ನೋಡಿ, ಎರಡನೇ ಯೂನಿಟ್ಟಿಗೆ ಬಂದ ಯೋಗ. ಶುಕ್ರವಾರ ಶುಕ್ರವಾರ ಪೂಜೆ. ಚಕ್ರಕ್ಕೆ ಕನಕಾಂಬರದ ದಂಡೆ, ಸಿಲಿಂಡರಿಗೆ ಮೂರು ಬೆರಳು ವಿಭೂತಿ. ಮದುವೆಯಾದ ಹೊಸ ಜೋಡಿಗಳು ಬಂದು ಕೈಮುಗಿದವು. ಹಲ್ಲುನೋವಿಗೆ ಒಳ್ಳೆಯದು ಎಂದು ಯಾರೋ ಹೇಳಿದ್ದೇ ತಡ, ಹೊಳೆನರಸೀಪುರದಿಂದಲೂ ಗಾಡಿ ಕಟ್ಟಿಕೊಂಡು ಬಂದರು. ಪಕ್ಕದಲ್ಲೇ ಮೊದಲನೇ ಯೂನಿಟ್ಟು ವರ್ಷವಿಡೀ ಏದುಸಿರು ಬಿಡುತ್ತಾ ಊರಿಗೆಲ್ಲ ಬೆಳಕು ಕೊಡುತ್ತಿತ್ತು. ಅದಕ್ಕೆ ಸಿಕ್ಕಿದ್ದು ಬೈಗುಳ. ದೀಪ ಮಿಣುಕಿದರೆ ಸಾಕು, “ಹಾಳಾದ್ದು, ಮುಂಡೇದು” ಎಂದು ಪೇಟೆಯೆಲ್ಲ ಶಾಪ ಹಾಕುತ್ತಿತ್ತು. ಚಲುವಯ್ಯನಿಗೆ ಆ ಮೊದಲನೇದರ ಮೇಲೆ ವಿಪರೀತ ಕನಿಕರ. ಊಟಕ್ಕೆ ಕೂತಾಗ ಅದರ ಕಡೆ ತಿರುಗಿಯೇ ಮುದ್ದೆ ಮುರಿಯುತ್ತಿದ್ದ.

ಹೀಗೆ ಆರು ವರ್ಷ ಕಳೆಯಿತು. ಅಷ್ಟರಲ್ಲಿ ಯುದ್ಧ ಬಂತು, ಸೀಮೆಎಣ್ಣೆಗೆ ಬರ ಬಂತು, ಇದ್ದಿಲಿನಿಂದ ಓಡುವ ಯಂತ್ರಗಳ ಮೇಲೆ ಸರ್ಕಾರಕ್ಕೆ ಇದ್ದಕ್ಕಿದ್ದಂತೆ ಪ್ರೀತಿ ಉಕ್ಕಿತು. ನಲವತ್ತಮೂರನೇ ಇಸವಿಯಲ್ಲಿ ಬೆಂಗಳೂರಿನಿಂದ ಒಂದು ಕಾಗದ ಬಂತು. ಗುಮಾಸ್ತೆ ಗುಂಡಯ್ಯ ಅದನ್ನು ಮಂಡಿಯಲ್ಲಿ ಗಟ್ಟಿಯಾಗಿ ಓದಿದ. ಇನ್ನು ಹದಿನೈದು ದಿನಕ್ಕೆ ಇನ್ಸ್‌ಪೆಕ್ಟರು ಬರುತ್ತಾರೆ, ಎರಡು ಯೂನಿಟ್ಟನ್ನೂ ಎದುರಿಗೇ ಓಡಿಸಿ ತೋರಿಸಬೇಕು, ಒಂದು ಓಡದಿದ್ದರೂ ಲೈಸೆನ್ಸು ರದ್ದು. ಕೊನೆಯಲ್ಲಿ ಇನ್ನೊಂದು ಸಾಲು: ಯಂತ್ರ ಓಡಿಸಿ ತೋರಿಸಿ ಪ್ರಶ್ನೆಗಳಿಗೆ ಉತ್ತರ ಹೇಳಿದವನಿಗೆ ಅಲ್ಲೇ, ಆಗಲೇ, ಡ್ರೈವರ್ ಸರ್ಟಿಫಿಕೇಟು ಕೊಡಲಾಗುವುದು.

ಚಲುವಯ್ಯನ ಕಿವಿಗೆ ಬಿದ್ದದ್ದು ಆ ಕೊನೆಯ ಸಾಲು. ಮನೆಗೆ ಹೋದವನೇ ಹೆಂಡತಿ ಮಲ್ಲಿಗಮ್ಮನಿಗೆ ಹೇಳಿದ: “ಆ ಕಾಗ್ದ ಒಂದ್ ಸಿಕ್ಬುಟ್ರೆ ನಾನು ಆಳಲ್ಲ ಕಣೆ, ಡ್ರೈವರು. ಚನ್ನರಾಯಪಟ್ಟಣದ ರೈಸ್‌ಮಿಲ್ಲೇ ಆಗ್ಲಿ, ಆಸನವೇ ಆಗ್ಲಿ, ಯಾರೂ ನನ್ನ ಇದ್ಲು ಅನ್ನಂಗಿಲ್ಲ.”

ಮಲ್ಲಿಗಮ್ಮ ಅವನ ಮುಖ ನೋಡಿದಳು. ಆರು ವರ್ಷದಿಂದ ಆ ಗಂಡನ ಪಂಚೆ ಒಗೆದು ಒಗೆದು ಅವಳ ಉಗುರೂ ಕಪ್ಪಾಗಿದ್ದವು. “ಸಿಕ್ತದೆ ಬುಡು” ಎಂದಳು. “ನಿಂಗಲ್ದೆ ಇನ್ಯಾರ್ಗ್ ಸಿಕ್ತದೆ?”

ಪಾಪ, ಅವಳಿಗೇನು ಗೊತ್ತು!

ಮಂಡಿಯಲ್ಲಿ ಅಂದು ದೊಡ್ಡ ಸಭೆ. ಗೌರೀಶಂಕರ ಒಂದು ಉಪಾಯ ಹೇಳಿದ. ಎರಡನೇದರ ಹಿಂದೆ ಪೂಜೆಯ ಪರದೆ ಕಟ್ಟಿ, ಪರದೆಯ ಮರೆಯಲ್ಲಿ ಮೊದಲನೇದರಿಂದ ಒಂದು ಬೆಲ್ಟು ಕೊಟ್ಟು ತಿರುಗಿಸಿದರಾಯಿತು, ತಿರುಗುವುದು ತಾನೇ ಅವರಿಗೆ ಬೇಕಾದ್ದು? ಈಶ್ವರಯ್ಯನವರಿಗೆ ಅಳಿಯನ ಮೇಲೆ ಹೆಮ್ಮೆಯೋ ಹೆಮ್ಮೆ. ಆದರೆ ರಾತ್ರಿ ಕಳೆಯುವಷ್ಟರಲ್ಲಿ ಭಯ ಹತ್ತಿತು. ಬೆಳಿಗ್ಗೆ ಚಲುವಯ್ಯನನ್ನು ಹಿತ್ತಿಲಿಗೆ ಕರೆದು, ದನಿ ತಗ್ಗಿಸಿ ಕೇಳಿದರು: “ನಿಜ ಹೇಳೋ, ಬಿಚ್ಚಿದ್ರೆ ಓಡ್ತದಾ?”

“ಓಡ್ತದೆ ಬುದ್ದಿ. ಕೆಟ್ಟಿಲ್ಲ ಅದು. ಉಂಡಿದ್ದು ಅರಗಿಲ್ಲ, ಅಷ್ಟೇಯ.”

“ಬಿಚ್ಚು ಮತ್ತೆ. ಅವಳಿಗೆ ಗೊತ್ತಾಗ್ಕೂಡದು. ಗೊತ್ತಾದ್ರೆ ನಾನು ಹೇಳಿಲ್ಲ, ನೀನು ಕೇಳಿಲ್ಲ.”

ಅದೃಷ್ಟಕ್ಕೆ ಕಮಲಾಕ್ಷಮ್ಮ ಊರಿನಲ್ಲಿರಲಿಲ್ಲ. ಮಗಳು, ಗೌರೀಶಂಕರನ ಹೆಂಡತಿ ನೀಲಗಂಗಮ್ಮನಿಗೆ ಏಳು ತಿಂಗಳು, ಸೀಮಂತಕ್ಕೆ ಕರೆಯಲು ಬಾಗೂರಿನ ತವರಿಗೆ ಹೋಗಿದ್ದರು. ಪವರ್‌ಹೌಸಿನ ಬಾಗಿಲು ಹಾಕಿಕೊಂಡು ಹತ್ತು ಹಗಲು ಚಲುವಯ್ಯ ಎರಡನೇ ಯೂನಿಟ್ಟಿನ ಒಳಗೇ ಬದುಕಿದ. ಬಿಸಿನೀರು, ಸೋಡಾಪುಡಿ, ತೆಂಗಿನ ನಾರು ಹಾಕಿ ಉಜ್ಜಿದ. ಒಳಗೆ ಕಂದುಬಣ್ಣದ ಗಟ್ಟಿ ಗಾರೆ, ಅದರಲ್ಲಿ ಸತ್ತ ಇರುವೆಗಳ ಒಂದು ಊರೇ ಇತ್ತು. ಪಿಸ್ಟನ್ನು ಬಿಡಿಸುವುದಕ್ಕೇ ಐದು ದಿನ ಹಿಡಿಯಿತು. ಬೆರಳ ಸಂದುಗಳೆಲ್ಲ ಸೋಡಾಕ್ಕೆ ಬೆಂದುಹೋದವು, ರಾಗಿಮುದ್ದೆಯನ್ನು ಮಲ್ಲಿಗಮ್ಮನೇ ಬಾಯಿಗೆ ಇಡಬೇಕಾಯಿತು. ಎಲ್ಲ ಮರಳಿ ಜೋಡಿಸಿ, ವಿಭೂತಿ ಬಳಿದು, ಒಣಗಿದ ದಂಡೆಯನ್ನು ಮೊದಲಿದ್ದ ಹಾಗೇ ಹಾಕುವ ಹೊತ್ತಿಗೆ ಕಮಲಾಕ್ಷಮ್ಮನ ಗಾಡಿ ಊರು ಸೇರಿತ್ತು. ಒಮ್ಮೆ ಓಡಿಸಿ ನೋಡೋಣ ಎಂದರೆ ಅದಕ್ಕೂ ಎಡೆ ಸಿಗಲಿಲ್ಲ. ಉಳಿದದ್ದು ಹೊಗೆ ಹೊರಗೆ ಹೋಗುವ ಉದ್ದನೆಯ ಕೊಳವೆ. ಅಲ್ಲಿಗೂ ಇಳಿದಿದ್ದ ಪಂಚಾಮೃತವನ್ನು ತೊಳೆಯಲು ಸಮಯವಾಗಲಿಲ್ಲ.

ಇನ್ಸ್‌ಪೆಕ್ಟರು ಬಂದದ್ದು ಶುಕ್ರವಾರ ಬೆಳಿಗ್ಗೆ. ಹ್ಯಾಟು, ಬೂಟು, ಕಂಕುಳಲ್ಲಿ ಚರ್ಮದ ಚೀಲ. ಬಾಯಿಬಿಟ್ಟರೆ ರೂಲ್ಸು. ಮೊದಲನೇ ಯೂನಿಟ್ಟನ್ನು ಓಡಿಸಿ ನೋಡಿ “ಹೂಂ” ಎಂದು ಬರೆದುಕೊಂಡರು. ಚಲುವಯ್ಯ ಎರಡನೇದರ ಡ್ರಮ್ಮಿಗೆ ಕೆಂಡ ಸುರಿದು ಗಾಳಿ ಊದುತ್ತಿದ್ದ. ಆಗ ಬಂದರು ನೋಡಿ ಕಮಲಾಕ್ಷಮ್ಮ, ಶುಕ್ರವಾರದ ಪೂಜೆಗೆ, ಹಿಂದೆ ಹತ್ತು ಹನ್ನೆರಡು ಮುತ್ತೈದೆಯರನ್ನು ಕಟ್ಟಿಕೊಂಡು.

“ಯಾರೋ ಅದು ನನ್ ತಾಯಿಗೆ ಬೆಂಕಿ ಹಾಕ್ತಿರೋನು?”

ತಟ್ಟೆಯನ್ನು ಪಕ್ಕದವಳ ಕೈಗೆ ಕೊಟ್ಟವರೇ ಎರಡನೇ ಯೂನಿಟ್ಟಿನ ಚಕ್ರದ ಮುಂದೆ ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟರು. “ತಿರುಗ್ಸಿ, ಹೆಂಗ್ ತಿರುಗಿಸ್ತೀರೋ ನೋಡ್ತೀನಿ.”

ಈಶ್ವರಯ್ಯನವರು ಬೆವರು ಒರೆಸಿಕೊಂಡರು. ಗೌರೀಶಂಕರ ಕಿಟಕಿಯ ಹತ್ತಿರ ಸರಿದ. ಚಲುವಯ್ಯ ಮಾತ್ರ ಕೈಗಾಲಿ ಬಿಡದೆಯೇ ಅಂದ: “ಅಮ್ಮಾವ್ರೆ, ಆರು ವರ್ಸ ಕೂತ್ಕಂಡು ಉಂಡದೆ. ಒಂದಿನ ದುಡೀಲಿ ಬುಡಿ.”

“ನಿನ್ ಬಾಯಿಗೆ ಹುಳ ಬೀಳ!”

ಇನ್ಸ್‌ಪೆಕ್ಟರು ಗಡಿಯಾರ ನೋಡಿಕೊಂಡು ಹ್ಯಾಟು ತೆಗೆದರು. “ತಾಯಿ, ಇದು ಓಡದಿದ್ದರೆ ಇವತ್ತಿಗೇ ಪವರ್‌ಹೌಸು ಬಂದ್. ನಾಳೆಯಿಂದ ನಿಮ್ಮ ಮನೆಯಲ್ಲೂ ಚಿಮಣಿಬುಡ್ಡಿ.”

ಕಮಲಾಕ್ಷಮ್ಮನ ಮುಖ ಸಣ್ಣಗಾಯಿತು. ಮಗಳ ಸೀಮಂತಕ್ಕೆ ಚಪ್ಪರದ ತುಂಬ ಬಣ್ಣದ ಬಲ್ಬು ಹಾಕಿಸುತ್ತೇನೆ, ಬಂದು ನೋಡಿ ಎಂದು ಬಾಗೂರಿನ ಮನೆಮನೆಗೂ ಹೇಳಿ ಬಂದಿದ್ದರು. ಒಂದು ಗಳಿಗೆ ಯೋಚಿಸಿದರು. ಆಮೇಲೆ ಎದ್ದು, ಸೆರಗು ಕೊಡವಿ, ಯಂತ್ರಕ್ಕೆ ಕೆನ್ನೆ ಬಡಿದುಕೊಂಡು, “ತಪ್ಪಾಯ್ತು ಕಣವ್ವ, ಒಂದ್ಸಲ ಓಡ್ಬುಡು” ಎಂದು ಪಕ್ಕಕ್ಕೆ ನಿಂತರು.

ಚಲುವಯ್ಯ ಕೊಳಾಯಿ ತಿರುಗಿಸಿ ಗ್ಯಾಸಿಗೆ ಕಡ್ಡಿ ಗೀರಿದ. ಕೆಂಪಗೆ ಉರಿಯುತ್ತಿದ್ದದ್ದು ಸ್ವಲ್ಪ ಸ್ವಲ್ಪವಾಗಿ ನೀಲಿಯಾಯಿತು, ಎಂದರೆ ಗ್ಯಾಸು ಹದಕ್ಕೆ ಬಂತು. ಕೂಲಿಯ ಬೈರಯ್ಯ, ಹುಚ್ಚಯ್ಯ ಇಬ್ಬರೂ ಬಂದು ಚಕ್ರಕ್ಕೆ ಕೈಕೊಟ್ಟರು. ಎಳೆದರು. ಸದ್ದಿಲ್ಲ. ಮತ್ತೆ ಎಳೆದರು. ಒಳಗೆ ಏನೋ ಕೆಮ್ಮಿ ಸುಮ್ಮನಾಯಿತು. ಓಡದಿದ್ದರೆ ಕೆಡಿಸಿದವನು ತಾನೇ ಎನ್ನುತ್ತಾರೆ, ಊರು ಬಿಡಬೇಕು, ಅದು ಚಲುವಯ್ಯನಿಗೆ ಚೆನ್ನಾಗಿ ಗೊತ್ತಿತ್ತು. ಒಂದು ತಿರುಪನ್ನು ಕಾಲುಸುತ್ತು ಸಡಿಲಿಸಿ, “ಇನ್ನೊಂದ್ಸಲ ಎಳೀರ್ಲಾ!” ಎಂದು ಕೂಗಿದ. ಮೂರನೇ ಸಲಕ್ಕೆ ಢಬ್ ಎಂದಿತು. ಮತ್ತೊಂದು ಢಬ್. ಆಮೇಲೆ ನಿಲ್ಲಲೇ ಇಲ್ಲ. ನೆಲ ನಡುಗಿತು, ಒಣಗಿದ ಕನಕಾಂಬರ ಹಾರಿ ಇನ್ಸ್‌ಪೆಕ್ಟರ ಹ್ಯಾಟಿನ ಮೇಲೆ ಬಿತ್ತು, ಮೇಲಿದ್ದ ಬಲ್ಬು ಹಾಡಹಗಲೇ ಝಗ್ಗನೆ ಹತ್ತಿತು.

ಜೊತೆಗೆ ವಾಸನೆ ಬಂತು. ತೊಳೆಯದೆ ಬಿಟ್ಟಿದ್ದ ಹೊಗೆಕೊಳವೆಯೊಳಗೆ ಆರು ವರ್ಷದ ತುಪ್ಪ ಸಕ್ಕರೆ ಕಾದು ಕರಗಿ, ಅದರ ಘಮ ಊರಿನ ಮೇಲೆಲ್ಲ ಹರಡಿತು. ಯಾರ ಮನೆಯಲ್ಲಿ ಕಜ್ಜಾಯ ಕರಿಯುತ್ತಿದ್ದಾರೆ ಎಂದು ಪೇಟೆಬೀದಿಯವರು ಮೂಗರಳಿಸಿಕೊಂಡು ಹೊರಗೆ ಬಂದರು. ಮುತ್ತೈದೆಯರು ಅಲ್ಲೇ ಅಡ್ಡಬಿದ್ದರು. ಕಮಲಾಕ್ಷಮ್ಮನ ಕಣ್ಣಲ್ಲಿ ನೀರು. “ನೋಡಿದ್ರಾ? ನನ್ ಪೂಜೆ ಓಡಿಸ್ತಾ ಅದೆ!”

“ಏನಿದು ವಾಸನೆ?” ಎಂದರು ಇನ್ಸ್‌ಪೆಕ್ಟರು.

“ಸ್ಪೆಷಲ್ ಆಯಿಲ್ ಸಾರ್, ನಾನೇ ತರಿಸಿದ್ದು” ಎಂದ ಗೌರೀಶಂಕರ. ಯಂತ್ರ ಓಡಿದ್ದೇ ತಡ, ಕಿಟಕಿ ಬಿಟ್ಟು ಮುಂದಕ್ಕೆ ಬಂದಿದ್ದ.

ಇನ್ಸ್‌ಪೆಕ್ಟರು ಎಂಜಿನ್ನಿನ ಸುತ್ತ ಮೂರು ಸುತ್ತು ಬಂದರು. “ಇದು ವರ್ಷಗಟ್ಟಲೆ ನಿಂತಿದ್ದ ಯಂತ್ರ ಅಂತ ನೋಡಿದರೇ ಗೊತ್ತಾಗುತ್ತೆ. ಇದನ್ನು ಬಿಚ್ಚಿ ಹೀಗೆ ಜೋಡಿಸೋದು ಹುಡುಗಾಟ ಅಲ್ಲ. ಯಾರು ಮಾಡಿದ್ದು? ಯಾರು ನಿಮ್ಮ ಡ್ರೈವರು?”

ಚಲುವಯ್ಯ ಬಾಯಿ ತೆರೆಯುವ ಮೊದಲೇ ಈಶ್ವರಯ್ಯನವರು ಅಳಿಯನ ರೆಟ್ಟೆ ಹಿಡಿದು ಎಳೆದು ನಿಲ್ಲಿಸಿದರು. “ನಮ್ ಅಳಿಯಂದ್ರೇ ಸಾ. ಬಿಚ್ಚಿದ್ದು, ಹೊಟ್ಟೆ ಒಳಗಿದ್ದ ಪಂಚಾಮೃತ ಎಲ್ಲ ಕೆರೆದು ತೆಗೆದಿದ್ದು, ಮತ್ತೆ ಮುಚ್ಚಿದ್ದು, ಎಲ್ಲ ಇವ್ರೇ. ಅವನು ಇದ್ದಿಲು ಹಾಕೋ ಆಳು.”

ಇನ್ಸ್‌ಪೆಕ್ಟರು ಚೀಲದಿಂದ ಸರ್ಟಿಫಿಕೇಟಿನ ಪುಸ್ತಕ ತೆಗೆದು ಪೆನ್ನಿನ ಮುಚ್ಚಳ ಬಿಚ್ಚಿದರು. “ಹೆಸರು?”

“ಗೌರೀಶಂಕರ ಅಂತ ಸಾರ್.”

ಚಲುವಯ್ಯ ಪೆನ್ನನ್ನೇ ನೋಡುತ್ತಾ ನಿಂತ. ಕೂಗಿ ಹೇಳಬೇಕು ಎನ್ನಿಸಿತು. ಆದರೆ ಅನ್ನ ಕೊಟ್ಟ ಧಣಿ, ಊರಿನ ಹೆಂಗಸರೆಲ್ಲ ಎದುರಿಗೆ, ತನ್ನ ಮಾತನ್ನು ನಂಬುವವರು ಯಾರು? ಬೆಂದ ಬೆರಳುಗಳನ್ನು ಪಂಚೆಯೊಳಗೆ ಮುಚ್ಚಿಕೊಂಡ.

“ಏನಂದ್ರಿ?”

ಕಮಲಾಕ್ಷಮ್ಮನ ದನಿ. ಎಂಜಿನ್ನಿನ ಸದ್ದನ್ನೂ ಮೀರಿ ಕೇಳಿಸಿತು. “ದೇವ್ರ ಹೊಟ್ಟೆ ಬಿಚ್ಚಿದ್ದು ಯಾರು ಅಂದ್ರಿ?”

“ಸುಮ್ನಿರೇ...”

“ನಾನ್ಯಾಕ್ ಸುಮ್ನಿರ್ಲಿ? ಏಳು ತಿಂಗಳ ಬಸುರಿ ಗಂಡ ಅವ್ನು! ಬಸುರಿ ಗಂಡ ತೆಂಗಿನಕಾಯಿ ಒಡೆಯಂಗಿಲ್ಲ, ಕುಂಬಳಕಾಯಿ ಹೋಳು ಮಾಡಂಗಿಲ್ಲ ಅಂತ ಮೂರು ತಿಂಗ್ಳಿಂದ ಮನೇಲಿ ಕತ್ತಿ ಮುಟ್ಟಕ್ ಬಿಟ್ಟಿಲ್ಲ ನಾನು. ನೀವು ದೇವ್ರ ಹೊಟ್ಟೆ ಬಗೆದ ಪಾಪಾನ ಅವ್ನ ತಲೆಗ್ ಕಟ್ತೀರಾ? ನನ್ ಮಗಳ ಹೊಟ್ಟೇಲಿರೋ ಕೂಸಿಗೆ ಅದು ತಟ್ಟಲ್ವಾ?”

ಇನ್ಸ್‌ಪೆಕ್ಟರ ಕೈ ನಿಂತಿತು. ಕಮಲಾಕ್ಷಮ್ಮ ಅವರ ಮುಂದೆ ಬಂದು, ಎರಡನೇ ಯೂನಿಟ್ಟಿನ ಕಡೆ ಕೈಚಾಚಿ ಆಣೆಯಿಟ್ಟರು.

“ಬರ್ಕೊಳ್ಳಿ ಸ್ವಾಮಿ. ಈ ತಾಯಾಣೆಗೂ ನಮ್ ಅಳಿಯ ಆರು ವರ್ಷದಲ್ಲಿ ಈ ಮಿಷನ್‌ನ ಒಂದು ಬೆರಳಲ್ಲೂ ಮುಟ್ಟಿಲ್ಲ. ಬಾಗಿಲು ದಾಟಿ ಒಳಗೇ ಬಂದವನಲ್ಲ. ಬೆಂಕಿ ಹಾಕೋನು, ಓಡಿಸೋನು, ನಿಲ್ಸೋನು, ಬಿಚ್ಚೋನು, ಮುಚ್ಚೋನು, ಎಲ್ಲ ಈ ಪಾಪಿ ಚಲುವಯ್ಯನೇ! ಪಾಪ ಏನಿದ್ರೂ ಅವ್ನಿಗೇ ಬರೀರಿ!”

ಈಶ್ವರಯ್ಯನವರು ಗೋಡೆಗೆ ಒರಗಿಕೊಂಡರು. ಇನ್ಸ್‌ಪೆಕ್ಟರು ಗೌರೀಶಂಕರನ ಕಡೆ ತಿರುಗಿದರು. “ಏನ್ರೀ, ನೀವು ಮುಟ್ಟಿದ್ದೀರೋ ಇಲ್ಲವೋ?”

ಗೌರೀಶಂಕರ ಒಮ್ಮೆ ಮಾವನನ್ನು ನೋಡಿದ, ಒಮ್ಮೆ ಅತ್ತೆಯನ್ನು ನೋಡಿದ. ಅತ್ತೆಯ ಕಣ್ಣು ಇನ್ನೊಂದು ಸಲ ನೋಡುವಂತಿರಲಿಲ್ಲ. “ಇಲ್ಲ ಸಾರ್” ಎಂದ. “ಒಂದು ದಿನಾನೂ ಮುಟ್ಟಿಲ್ಲ.” ಆ ಪವರ್‌ಹೌಸಿನಲ್ಲಿ ಅವನು ಆಡಿದ ಮೊದಲ ನಿಜ ಅದು.

“ನೀನೇನಯ್ಯ ಹೇಳ್ತೀಯ? ಅಮ್ಮ ಹೇಳಿದ್ದೆಲ್ಲ ನಿಜವೇ?”

ಚಲುವಯ್ಯ ಬೆಂದ ಕೈ ಎರಡನ್ನೂ ಜೋಡಿಸಿದ. “ಊ ಸಾ. ಎಲ್ಲಾ ನಾನೇ ಮಾಡಿದ್ದು. ತಪ್ಪೆಲ್ಲ ನಂದೇಯ.”

ಇನ್ಸ್‌ಪೆಕ್ಟರು ಬರೆಯತೊಡಗಿದ್ದ ಹಾಳೆ ಹರಿದು ಹಾಕಿದರು. ಗ್ಯಾಸು ಯಾವಾಗ ಹದವಾಗುತ್ತದೆ, ನೀರು ಹೆಚ್ಚಾದರೆ ಏನಾಗುತ್ತದೆ, ಚಕ್ರ ಮೈಮೇಲೆ ದೇವರು ಬಂದ ಹಾಗೆ ಓಡತೊಡಗಿದರೆ ಮೊದಲು ಏನು ಮುಚ್ಚಬೇಕು ಎಂದು ಕೇಳಿದರು. ಅವನು ತಲೆತಗ್ಗಿಸಿಕೊಂಡೇ, ತಪ್ಪೊಪ್ಪಿಗೆ ಹೇಳುವವನ ಹಾಗೆಯೇ, ಒಂದೊಂದಕ್ಕೂ ಸರಿಯಾಗಿ ಉತ್ತರ ಹೇಳಿದ. ಅವರು ಬರೆದು, ಸೀಲು ಒತ್ತಿ, ಕಾಗದವನ್ನು ಅವನ ಕೈಗಿಟ್ಟು, ಹೆಸರಿದ್ದ ಜಾಗವನ್ನು ಪೆನ್ನಿನ ತುದಿಯಿಂದ ತೋರಿಸಿದರು.

ಊರಿನ ಹೆಂಗಸರ ಬಾಯಿ ಚಲುವಯ್ಯನ ಕಾಲಿಗಿಂತ ಜೋರು. ಅವನು ಮನೆ ಮುಟ್ಟುವ ಮೊದಲೇ ಸುದ್ದಿ ಮುಟ್ಟಿತ್ತು. ಮಲ್ಲಿಗಮ್ಮ ಆಗಲೇ ಮಡಕೆ ಕುಡಿಕೆಗಳನ್ನು ಮಂಕರಿಗೆ ತುಂಬುತ್ತಿದ್ದಳು.

“ದೇವ್ರೊಟ್ಟೆ ಬಗ್ದೋನು ನಾನೇ ಅಂತ ಒಪ್ಕಂಡ್ಯಂತೆ?”

“ಊ ಕಣೆ.”

“ಎಲ್ಲಾನೂವಾ?”

“ಎಲ್ಲಾನೂ ಒಪ್ಕಂಡೆ. ಬರ್ಕಂಡು ಸೀಲೂ ಒತ್ತವ್ರೆ.”

“ಅಯ್ಯೋ ನನ್ ಕರ್ಮವೇ! ಯಾವೂರ್ಗೆ ಓಗನ ಈಗ?” ಎಂದು ಅವಳು ಮಂಕರಿಯ ಪಕ್ಕದಲ್ಲೇ ಕುಸಿದು ಕೂತಳು.

ಚಲುವಯ್ಯ ಅವಳೆದುರು ಕುಕ್ಕರಗಾಲಲ್ಲಿ ಕೂತು ಕಾಗದ ಬಿಡಿಸಿದ. ಅವನಿಗೂ ಓದು ಬರುತ್ತಿರಲಿಲ್ಲ. ಸಾಹೇಬರು ತೋರಿಸಿದ ಜಾಗ ತಪ್ಪಿಹೋಗಬಾರದೆಂದು ದಾರಿಯುದ್ದಕ್ಕೂ ಅದರ ಮೇಲೆ ಹೆಬ್ಬೆರಳು ಒತ್ತಿಕೊಂಡೇ ಬಂದಿದ್ದ. ಈಗ ಬೆರಳು ತೆಗೆದ. ಅಕ್ಷರದ ಪಕ್ಕ ಕರ್ರನೆಯ ಇದ್ದಿಲಿನ ಗುರುತು ಮೂಡಿತ್ತು.

“ಅಳಬ್ಯಾಡ್ವೆ” ಎಂದ. “ಇಲ್ನೋಡು, ಡ್ರೈವರ್ ಚಲುವಯ್ಯ ಅಂತ ಬರ್ದದೆ. ಇದು ನಾನು.”